ಮೆಥಡ್ ಯಾವುದಾದರೇನು, ಮಾತು ಕೇಳಬೇಕಲ್ಲ?

ಸಾಫ್ಟ್‌ವೇರ್ ಕೆಲಸ ಮಾಡ್ತಾ ಕನ್ನಡದಲ್ಲಿ ಬ್ಲಾಗ್ ಬರೆಯೋರು ನಮ್ಮಲ್ಲಿ ಬಹಳ ಜನ ಇದ್ದೀವಿ. ಆದ್ರೆ ಬರೆಯೋದೇನು? ಊರು, ಮಳೆ, ಅಜ್ಜಿ, ಸಿನೆಮಾ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕು. ದಿನಕ್ಕೆ ಒಂಬತ್ತು ತಾಸು ಮಾಡೋ ಕೆಲಸದ ಬಗ್ಗೆ ಮಾತ್ರ ಗಪ್‌ಚುಪ್. ಅದರ ಬಗ್ಗೆ ಮಾತಾಡೋಕೆ ನಮಗೆ ಇಂಗ್ಲಿಷೇ ಬೇಕು ಅಂತ ಯಾರು ಹೇಳಿದ್ರೋ ಗೊತ್ತಿಲ್ಲ. ಇವತ್ತು ಅದನ್ನೇ ಬರೀತೀನಿ. ಈ ಕ್ಷೇತ್ರದವರಲ್ಲದವರೂ ಓದಬಹುದು, ಹೆದರಬೇಡಿ, ಕೋಡ್ ಒಂದು ಸಾಲೂ ಇಲ್ಲ :)

ವಿಷಯ ಇಷ್ಟೇ. ಒಂದು ಸಾಫ್ಟ್‌ವೇರ್ ಕಟ್ಟೋಕೆ ಯಾವ ವಿಧಾನ ಒಳ್ಳೇದು? ನಮ್ಮ ಕಡೆ ಇದು ಇಡ್ಲಿ ಮೇಲಾ ದೋಸೆ ಮೇಲಾ ಅನ್ನೋ ಥರದ ಜಗಳ. ಒಂದು ಗುಂಪು 'ವಾಟರ್‌ಫಾಲ್' ಅನ್ನುತ್ತೆ. ಮೊದಲು ಏನು ಬೇಕು ಅಂತ ಪೂರ್ತಿ ಬರೆದುಕೊಳ್ಳಿ, ಆಮೇಲೆ ನಕ್ಷೆ, ಆಮೇಲೆ ಕೋಡಿಂಗ್, ಆಮೇಲೆ ಟೆಸ್ಟಿಂಗ್, ಕೊನೆಗೆ ಗಿರಾಕಿ ಕೈಗೆ. ನೀರು ಮೇಲಿಂದ ಕೆಳಗೆ ಬೀಳುತ್ತೆ, ತಿರುಗಿ ಮೇಲೆ ಹತ್ತಲ್ಲ. ಇನ್ನೊಂದು ಗುಂಪು 'ಅಜೈಲ್' ಅನ್ನುತ್ತೆ. ಎರಡು ವಾರಕ್ಕಾಗುವಷ್ಟು ಕೆಲಸ ತಗೊಳ್ಳಿ, ಮಾಡಿ, ತೋರಿಸಿ, ಬೈಸಿಕೊಳ್ಳಿ, ತಿದ್ದಿ, ಮುಂದಿನ ಎರಡು ವಾರಕ್ಕೆ ಹೋಗಿ. ನಮ್ಮ ಅಮ್ಮ ಕೌದಿ ಹೊಲಿದಂಗೆ, ತುಂಡು ತುಂಡಾಗಿ.

ಇದರ ಇತಿಹಾಸದಲ್ಲಿ ಒಂದು ತಮಾಷೆ ಇದೆ. ವಾಟರ್‌ಫಾಲ್ ಮಾದರಿಗೆ ಮೂಲ ಅಂತ ಎಲ್ಲರೂ ತೋರಿಸೋದು ವಿನ್ಸ್‌ಟನ್ ರಾಯ್ಸ್ ಅನ್ನೋ ಅಮೆರಿಕನ್ ಎಂಜಿನಿಯರ್ 1970ರಲ್ಲಿ ಬರೆದ ಒಂದು ಪ್ರಬಂಧವನ್ನ. ದೊಡ್ಡ ಸಾಫ್ಟ್‌ವೇರ್ ಕೆಲಸಗಳನ್ನ ಹೇಗೆ ನಿಭಾಯಿಸಬೇಕು ಅನ್ನೋದು ಅದರ ವಿಷಯ. ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಆ ಪ್ರಸಿದ್ಧ ಚಿತ್ರ ಅದರಲ್ಲಿದೆ ನಿಜ. ಆದ್ರೆ ಚಿತ್ರ ಬರೆದ ಮೇಲೆ ರಾಯ್ಸ್ ಹೇಳಿದ್ದು, ಹೀಗೇ ಒಂದೇ ದಾರೀಲಿ ಹೋದ್ರೆ ಅಪಾಯ ಇದೆ ಅಂತ! ಟೆಸ್ಟಿಂಗ್ ಕೊನೆಗೆ ಇಟ್ಟರೆ ತಪ್ಪು ತಿಳಿಯೋದೂ ಕೊನೆಗೇ, ಅಷ್ಟೊತ್ತಿಗೆ ನಕ್ಷೆಯನ್ನೇ ಬದಲಿಸಬೇಕಾಗಬಹುದು. ಅದಕ್ಕೆ ಮೊದಲು ಒಂದು ಚಿಕ್ಕ ಮಾದರಿ ಕಟ್ಟಿ ನೋಡಿ, ಗಿರಾಕಿಯನ್ನ ಮೊದಲಿಂದಲೇ ಒಳಗೆ ಸೇರಿಸಿಕೊಳ್ಳಿ ಅಂತ ಮುಂದಿನ ಪುಟಗಳಲ್ಲಿ ಬರೆದರು. 'ವಾಟರ್‌ಫಾಲ್' ಅನ್ನೋ ಪದವನ್ನ ಅವರು ಆ ಪ್ರಬಂಧದಲ್ಲಿ ಬಳಸಿಯೇ ಇಲ್ಲ. ಜಗತ್ತು ಮೊದಲ ಚಿತ್ರ ನೋಡಿ ಪುಟ ಮುಚ್ಚಿತು. ಹೀಗೆ ಮಾಡಬೇಡಿ ಅಂದವರ ಹೆಸರಿನಲ್ಲೇ ಹೀಗೆ ಮಾಡೋದು ಶುರುವಾಯ್ತು.

ಎಂಜಿನಿಯರ್ ಮಾತು ಕೇಳಿಸದೇ ಹೋಗೋದು ಅಂದ್ರೆ ಇದೇ ನೋಡಿ. ಪಾಪ, ಅವರು ಬರೆದೂ ಇಟ್ಟಿದ್ದರು!

ಆಮೇಲೆ 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಅನ್ನೋ ಹಿಮದ ಊರಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ನಾಲ್ಕು ಮೌಲ್ಯ, ಹನ್ನೆರಡು ತತ್ವ. ಪ್ರಕ್ರಿಯೆಗಿಂತ ಮನುಷ್ಯರು ಮುಖ್ಯ, ದಪ್ಪ ದಪ್ಪ ದಾಖಲೆಗಿಂತ ಓಡೋ ಸಾಫ್ಟ್‌ವೇರ್ ಮುಖ್ಯ ಅನ್ನೋದು ಅದರ ಸಾರ. ಓದೋಕೆ ಚೆಂದ. ಆದ್ರೆ ಇವತ್ತು ಎಷ್ಟೋ ಆಫೀಸಿನಲ್ಲಿ ಮನುಷ್ಯರಿಗಿಂತ ಪ್ರಕ್ರಿಯೆಯೇ ದೊಡ್ಡದು, ಆ ಪ್ರಕ್ರಿಯೆಗೇ ಅಜೈಲ್ ಅಂತ ಹೆಸರು. ಕೊಡಬೇಕಾದ ದಿನಾಂಕ ಮೊದಲೇ ನಿಗದಿ, ಏನೇನು ಬೇಕು ಅನ್ನೋದೂ ನಿಗದಿ. ನಡುವೆ ದಿನಾ ಬೆಳಿಗ್ಗೆ ಹದಿನೈದು ನಿಮಿಷ ನಿಂತುಕೊಂಡು ನಿನ್ನೆ ಏನ್ ಮಾಡಿದೆ, ಇವತ್ತು ಏನ್ ಮಾಡ್ತಿ ಅಂತ ಹಾಜರಿ. ಬೋರ್ಡು ಅಜೈಲ್, ಒಳಗೆ ಜಲಪಾತ.

ಇನ್ನು ನನ್ನ ಕತೆ. ನಾನು ಯಲಬುರ್ಗಾ ತಾಲೂಕಿನವನು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕು ಸೇರಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ. ನಾನು ಹುಟ್ಟಿದ್ದೂ ಅದೇ ವರ್ಷ. (ಈಗ ಕಾರಟಗಿ, ಕನಕಗಿರಿ, ಕುಕನೂರು ಅಂತ ಹೊಸ ತಾಲೂಕುಗಳೂ ಇವೆ, ಆದ್ರೆ ನಮ್ಮಪ್ಪನ ಬಾಯಲ್ಲಿ ಇವತ್ತಿಗೂ ನಾಲ್ಕೇ.) ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಆಮೇಲೆ ಪಿಯುಸಿ, ಬಿ.ಇ., ಆಮೇಲೆ ಎಲ್ಲರಂತೆ ಬೆಂಗಳೂರು.

ಕೋಡ್ ಬರೆಯೋದು ನನಗೆ ಕಷ್ಟ ಅನಿಸಿದ್ದಿಲ್ಲ. ಕಷ್ಟ ಇದ್ದದ್ದು ಮೀಟಿಂಗಿನಲ್ಲಿ. ನನ್ನ ತಲೆಯಲ್ಲಿ ಯೋಚನೆ ಕನ್ನಡದಲ್ಲಿ ಹುಟ್ಟುತ್ತೆ, ಅದೂ ನಮ್ಮ ಕಡೆ ಕನ್ನಡದಲ್ಲಿ. ಅದನ್ನ ಇಂಗ್ಲಿಷಿಗೆ ತಂದು, ವ್ಯಾಕರಣ ಸರಿ ಮಾಡಿ ಬಾಯಿಗೆ ತರೋ ಹೊತ್ತಿಗೆ ಮೀಟಿಂಗ್ ಮುಂದಿನ ವಿಷಯಕ್ಕೆ ಹೋಗಿರುತ್ತೆ. ಹಾಗೂ ಹೀಗೂ ಹೇಳಿದರೆ ಜನ ನನ್ನ ಇಂಗ್ಲಿಷ್ ಕೇಳಿಸಿಕೊಳ್ತಾರೆ, ನಾನು ಹೇಳಿದ್ದನ್ನಲ್ಲ. ನಿಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆಯೋ!

ಎರಡು ವರ್ಷದ ಹಿಂದಿನ ಮಾತು. ಬಿತ್ತನೆ ಬೀಜದ ವ್ಯವಹಾರದ ಒಬ್ಬ ಕ್ಲೈಂಟಿಗೆ ನಮ್ಮ ತಂಡ ಮೊಬೈಲ್ ಆ್ಯಪ್ ಮಾಡ್ತಿತ್ತು. ಹಳ್ಳಿ ಹಳ್ಳಿಗೆ ಹೋಗೋ ಹುಡುಗರು ಹೊಲದಲ್ಲಿ ನಿಂತು ಫಾರಂ ತುಂಬಿ, ಫೋಟೋ ಹೊಡೆದು ಕಳಿಸಬೇಕು. ಒಂದು ಫಾರಂಗೆ ಇಷ್ಟು ಅಂತ ಅವರ ಕೂಲಿ. ಫಾರಂ ಮುಟ್ಟಿದರೆ ದುಡ್ಡು, ಮುಟ್ಟಲಿಲ್ಲ ಅಂದ್ರೆ ಇಲ್ಲ. ಪ್ಲಾನಿಂಗ್ ಮೀಟಿಂಗಿನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ. ಸಿಗ್ನಲ್ ಇಲ್ಲದಾಗ ಏನು?

"ಒಳ್ಳೆ ಪ್ರಶ್ನೆ, ಬ್ಯಾಕ್‌ಲಾಗಿಗೆ ಹಾಕು" ಅಂದರು.

ಬ್ಯಾಕ್‌ಲಾಗ್ ಅಂದ್ರೆ ಗೊತ್ತಲ್ಲ, ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ. ನಮ್ಮ ಕಡೆ ಹಳೇ ಮನೆಗಳಲ್ಲಿ ಜೋಳ ತುಂಬಿಡೋಕೆ ನೆಲದೊಳಗೆ ಹಗೇವು ಇರ್ತಿತ್ತು, ಹಂಗೇ ಅದು. ಹಾಕೋದು ಸುಲಭ, ಇಳಿದು ತೆಗೆಯೋರು ಬೇಕಲ್ಲ? ಮೂರು ಸ್ಪ್ರಿಂಟ್ ಹೋಯ್ತು. ದಿನದ ಆ ಹದಿನೈದು ನಿಮಿಷದಲ್ಲಿ ಹನ್ನೆರಡು ಜನ ಮಾತಾಡಬೇಕು, ಒಬ್ಬೊಬ್ಬರಿಗೆ ಒಂದು ನಿಮಿಷದ ಮೇಲೆ ಸ್ವಲ್ಪ. ಮೂರು ಸಲ ಮತ್ತೆ ಎತ್ತಿದೆ. ಮೂರೂ ಸಲ "ಇದನ್ನ ಆಮೇಲೆ ಮಾತಾಡೋಣ". ಯಾರೂ ಕೆಟ್ಟವರಲ್ಲ. ಆ ಕೋಣೆಯಲ್ಲಿದ್ದವರಿಗೆಲ್ಲ ಸಿಗ್ನಲ್ ಇತ್ತು, ಅಷ್ಟೇ.

ಜನವರಿಯಲ್ಲಿ ಗವಿಮಠದ ಜಾತ್ರೆಗೆ ಅಂತ ಊರಿಗೆ ಹೋಗಿದ್ದೆ. ನಮ್ಮ ಚಿಕ್ಕಪ್ಪನ ಮಗ ಬೇರೆ ಯಾವುದೋ ಕಂಪನಿಗೆ ಇಂಥದೇ ಕೆಲಸ ಮಾಡ್ತಿದ್ದ, ಕುಷ್ಟಗಿ ಕಡೆ ಹೊಲಗಳಲ್ಲಿ. ಹೆಂಗೈತೋ ಕೆಲಸ ಅಂದೆ. "ಅಣ್ಣಾ, ಹೊಲದಾಗ ನಿಂತು ಫಾರಂ ತುಂಬತೀನಿ. ಸಿಗ್ನಲ್ ಹುಡುಕ್ಕೋಂತ ಡಾಂಬರ್ ರೋಡಿಗೆ ಬರತೀನಿ. ಅಷ್ಟ್ರಾಗ ಫಾರಂ ಖಾಲಿ ಆಗಿರತೈತಿ. ಮತ್ತ ಹೊಲಕ್ಕ ಹೋಗಬೇಕು, ಇಲ್ಲಾ ಆ ದಿನದ ರೊಕ್ಕ ಬಿಡಬೇಕು" ಅಂದ. ನಗ್ತಾನೇ ಹೇಳಿದ. ನನಗೆ ನಗು ಬರಲಿಲ್ಲ. ಮರುದಿನ ಅವನ ಬೈಕಿನ ಹಿಂದೆ ಕೂತು ನಮ್ಮ ಆ್ಯಪಿನ ಟೆಸ್ಟ್ ಆವೃತ್ತಿ ಹಿಡಿದುಕೊಂಡು ಹೋದೆ. ಹತ್ತು ಕಡೆ ನಿಂತು ಹತ್ತು ಫಾರಂ ತುಂಬಿದೆ. ನಾಲ್ಕು ಹೋಗಲಿಲ್ಲ.

ಅವತ್ತು ರಾತ್ರಿ ಒಂದು ಪುಟ ಬರೆದೆ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಮೇಲೆ ಆ ಹತ್ತು ಜಾಗ, ಯಾವುದು ಹೋಯ್ತು ಯಾವುದು ಹೋಗಲಿಲ್ಲ. ಕೆಳಗೆ ಮೂರು ದಾರಿ. ಒಂದು, ಈಗಿದ್ದಂತೆ ಬಿಡೋದು. ಖರ್ಚು ಸೊನ್ನೆ ದಿನ, ಕಳೆದುಹೋದ ಫಾರಂ ಯಾರ ಲೆಕ್ಕಕ್ಕೆ ಅಂತ ಕ್ಲೈಂಟನ್ನ ಕೇಳಬೇಕು. ಎರಡು, ಫಾರಮನ್ನ ಫೋನಿನಲ್ಲೇ ಉಳಿಸಿ ಸಿಗ್ನಲ್ ಬಂದಾಗ ಕಳಿಸೋದು, ಎಂಟು ದಿನದ ಕೆಲಸ. ಮೂರು, ಇಬ್ಬರು ಒಂದೇ ಹೊಲದ ಫಾರಂ ತುಂಬಿದರೂ ಗೊಂದಲ ಆಗದ ಹಾಗೆ ಎಲ್ಲವನ್ನೂ ಸಿಗ್ನಲ್ ಇಲ್ಲದೇ ನಡೆಸೋದು, ಐದು ವಾರ. ಕೊನೆಗೆ ಒಂದು ಸಾಲು, ನನ್ನ ಪ್ರಕಾರ ಎರಡನೆಯದು. ಗುರುವಾರ ಕಳಿಸಿದೆ, ಸೋಮವಾರ ತೀರ್ಮಾನ ಆಯ್ತು, ಎರಡನೆಯದೇ. ಬಿಡುಗಡೆ ಒಂದು ವಾರ ಮುಂದಕ್ಕೆ ಹೋಯ್ತು, ಯಾರ ತಲೆಯೂ ಹೋಗಲಿಲ್ಲ. ಮೂರನೆಯದು ಇವತ್ತಿಗೂ ಹಗೇವಿನಲ್ಲೇ ಇದೆ, ಸುಳ್ಳು ಹೇಳಲ್ಲ.

ಆ ನಾಲ್ಕು ದಿನದಲ್ಲಿ ನನ್ನ ಇಂಗ್ಲಿಷ್ ಸುಧಾರಿಸಿರಲಿಲ್ಲ. ಎಂಜಿನಿಯರಿಂಗೂ ಅಷ್ಟೇ ಇತ್ತು. ಬದಲಾಗಿದ್ದು ಮಾತು ಹೇಳಿದ ಜಾಗ. ಅಜೈಲಿನ ಹನ್ನೆರಡು ತತ್ವಗಳಲ್ಲಿ ಒಂದು, ಎದುರಾಬದುರು ಕೂತು ಮಾತಾಡೋದೇ ವಿಷಯ ಮುಟ್ಟಿಸೋಕೆ ಎಲ್ಲಕ್ಕಿಂತ ಒಳ್ಳೇ ದಾರಿ ಅನ್ನುತ್ತೆ. ಇರಬಹುದು. ಆದ್ರೆ ಆ ದಾರಿ ಪಟಪಟ ಮಾತಾಡೋರಿಗೆ ಹೆದ್ದಾರಿ, ನನ್ನಂಥವನಿಗೆ ಕಾಲುದಾರಿ. ಬರವಣಿಗೆಯಲ್ಲಿ ನನಗೂ ಅವರಿಗೂ ಒಂದೇ ಅಗಲದ ರಸ್ತೆ. ಅಂದ್ರೆ ವಿಧಾನ ಆರಿಸೋದು ಅಂದ್ರೆ ಬರೀ ಕೆಲಸದ ಕ್ರಮ ಆರಿಸೋದಲ್ಲ, ಯಾರ ಮಾತು ಕೇಳಿಸಬೇಕು ಅನ್ನೋದನ್ನೂ ಆರಿಸಿದಂತೆ. ಇದನ್ನ ಯಾವ ಟ್ರೈನಿಂಗಿನಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ.

ಹಾಗಾದರೆ ತುಂಡು ತುಂಡಾಗಿ ಮಾಡೋದು ಯಾವಾಗ, ಮೊದಲೇ ಪೂರ್ತಿ ಯೋಚಿಸೋದು ಯಾವಾಗ? ಇದಕ್ಕೆ ನನಗೆ ಸಿಕ್ಕ ಒಳ್ಳೇ ಉದಾಹರಣೆ ಸಾಫ್ಟ್‌ವೇರಿನದ್ದಲ್ಲ, ನಮ್ಮ ಜಿಲ್ಲೆಯದ್ದೇ. ತುಂಗಭದ್ರಾ ಅಣೆಕಟ್ಟು. ಅದರ ಎಡದಂಡೆ ಕೊಪ್ಪಳ ತಾಲೂಕಿನ ಮುನಿರಾಬಾದಿನಲ್ಲಿದೆ. ನಮ್ಮ ಯಲಬುರ್ಗಾದ ಎರೆ ಹೊಲಕ್ಕೆ ಆ ನೀರು ಬರಲ್ಲ, ನಮ್ಮದೇನಿದ್ದರೂ ಮಳೆ ನಂಬಿದ ಒಕ್ಕಲುತನ. ಆದ್ರೆ ಅಕ್ಕನನ್ನ ಕೊಟ್ಟಿರೋದು ಗಂಗಾವತಿ ಕಡೆ. ಅವರ ಭತ್ತದ ಗದ್ದೆಗೆ ಎಡದಂಡೆ ಕಾಲುವೆಯೇ ಉಸಿರು.

2024ರ ಆಗಸ್ಟ್ 10ರ ರಾತ್ರಿ, ಡ್ಯಾಂ ತುಂಬಿ ನಿಂತಿದ್ದಾಗ, 33 ಕ್ರೆಸ್ಟ್ ಗೇಟುಗಳಲ್ಲಿ 19ನೇ ಗೇಟಿನ ಚೈನ್ ಕಿತ್ತು ಗೇಟೇ ಕೊಚ್ಚಿಕೊಂಡು ಹೋಯ್ತು. 1953ರಲ್ಲಿ ಕಟ್ಟಿ ಮುಗಿದ ಡ್ಯಾಮು, ಏಳು ದಶಕ ದುಡಿದ ಗೇಟು. ಒತ್ತಡ ತಗ್ಗಿಸೋಕೆ ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಟ್ಟರು. ಅಕ್ಕ ಫೋನ್ ಮಾಡಿ "ಬೆಳಿ ಹೊಕ್ಕೈತೇನೋ ತಮ್ಮಾ" ಅಂದಳು. ಮೊದಲ ಲೆಕ್ಕ ಹೇಗಿತ್ತು ಅಂದ್ರೆ, ಗೇಟಿನ ಮಟ್ಟದ ಕೆಳಗೆ ನೀರು ಇಳಿಯೋ ತನಕ ದುರಸ್ತಿ ಆಗಲ್ಲ, ಅದಕ್ಕೆ ಸುಮಾರು 60 ಟಿಎಂಸಿ ನೀರು ನದಿಗೆ ಬಿಡಬೇಕು. ಡ್ಯಾಮಿನ ಸಾಮರ್ಥ್ಯವೇ ಸುಮಾರು 105 ಟಿಎಂಸಿ. ಮೊದಲು ಪೂರ್ತಿ ಖಾಲಿ ಮಾಡಿ, ಆಮೇಲೆ ಕೆಲಸ ಶುರು ಮಾಡಿ. ಅಕ್ಷರಶಃ ವಾಟರ್‌ಫಾಲ್!

ಕ್ರೆಸ್ಟ್ ಗೇಟುಗಳ ಕೆಲಸದಲ್ಲೇ ಜೀವನ ಸವೆಸಿದ್ದ ತಜ್ಞ ಕನ್ನಯ್ಯ ನಾಯ್ಡು ಬಂದರು. ನೀರು ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್ ಇಳಿಸೋಣ ಅನ್ನೋದು ಅವರ ಸಲಹೆ. ಅಂದ್ರೆ ಒಂದೇ ದೊಡ್ಡ ಗೇಟಿನ ಬದಲು 60 ಅಡಿ ಅಗಲ, 4 ಅಡಿ ಎತ್ತರದ ಐದು ಉಕ್ಕಿನ ತುಂಡು. ಒಂದರ ಮೇಲೊಂದು ಕೂತರೆ 20 ಅಡಿ, ಗೇಟಿನ ಎತ್ತರ ಸರಿಹೋಯ್ತು. ಆಗಸ್ಟ್ 16ರಂದು ಮೊದಲ ತುಂಡು ಕೂತಿತು, 17ಕ್ಕೆ ಐದೂ ಕೂತವು. ಅರ್ಧಕ್ಕಿಂತ ಹೆಚ್ಚು ನೀರು ಡ್ಯಾಮಿನಲ್ಲೇ ಉಳೀತು. ಅಕ್ಕನ ಬೆಳೆಯೂ ಉಳೀತು.

ಇದನ್ನ ನೋಡಿ "ಕಂಡಿರಾ, ಅಜೈಲ್ ಗೆದ್ದಿತು" ಅಂತ ಸ್ಲೈಡ್ ಮಾಡಬೇಡಿ ದಯವಿಟ್ಟು :) ಅದೇ ಡ್ಯಾಮನ್ನ 1945ರಲ್ಲಿ ಶುರು ಮಾಡಿದಾಗ ಎರಡೆರಡು ವಾರದ ಸ್ಪ್ರಿಂಟಿನಲ್ಲಿ ಕಟ್ಟೋಕೆ ಆಗ್ತಿರಲಿಲ್ಲ. ಅಡಿಪಾಯ ಹಾಕಿ, ಆಮೇಲೆ ಗಿರಾಕಿ ಅಭಿಪ್ರಾಯ ಕೇಳಿ ಅರ್ಧ ಮೈಲಿ ಆಚೆ ಸರಿಸೋಕೆ ಬರುತ್ತಾ? ಐದು ತುಂಡುಗಳ ಅಳತೆಯೂ ಕಬ್ಬಿಣ ಕತ್ತರಿಸೋ ಮೊದಲೇ ಪಕ್ಕಾ ಆಗಿರಬೇಕಿತ್ತು. ಇಳಿಸೋದು ಮಾತ್ರ ಒಂದೊಂದೇ, ಕೂತಿದೆಯಾ ಅಂತ ನೋಡಿ ಮುಂದಿನದ್ದು. ಅಂದ್ರೆ ಒಂದೇ ಕೆಲಸದಲ್ಲಿ ಎರಡೂ ವಿಧಾನ ಇದ್ದವು. ತಿರುಗಿ ಸರಿಮಾಡೋಕೆ ಬಾರದ ಕಡೆ ಮೊದಲೇ ಪೂರ್ತಿ ಯೋಚನೆ, ನೋಡ್ತಾ ತಿದ್ದಬಹುದಾದ ಕಡೆ ಚಿಕ್ಕ ಹೆಜ್ಜೆ. ನಮ್ಮ ಆ್ಯಪಿನಲ್ಲೂ ಅಷ್ಟೇ. ಬಟನ್ ಎಲ್ಲಿರಬೇಕು ಅನ್ನೋದನ್ನ ಹತ್ತು ಸಲ ಬದಲಿಸಬಹುದು. ಫಾರಂ ಮೊದಲು ಫೋನಿನಲ್ಲಿ ಉಳಿಯುತ್ತಾ ಇಲ್ಲಾ ನೇರ ಸರ್ವರಿಗೆ ಹೋಗುತ್ತಾ ಅನ್ನೋದು ಅಡಿಪಾಯದ ಪ್ರಶ್ನೆ. ಅದನ್ನ ಹಗೇವಿಗೆ ಹಾಕಿದರೆ ಆಮೇಲೆ ಗೋಡೆ ಒಡೆಯಬೇಕು.

ಆ ಒಂದು ವಾರದಲ್ಲಿ ಗೇಟಿನ ಬಗ್ಗೆ ಬಲ್ಲವನ ಮಾತನ್ನ ಎಲ್ಲರೂ ಕೇಳಿದರು. ಯಾಕೆ? ನೀರು ಎದುರಿಗೇ ಹೋಗ್ತಿತ್ತು, ಗಂಟೆಗೊಂದು ಲೆಕ್ಕ ಟಿವಿಯಲ್ಲಿ ಬರ್ತಿತ್ತು. ಗೇಟ್ ಹೋದ ಮೇಲೆ ಎಂಜಿನಿಯರ್ ಮಾತಿಗೆ ಬೆಲೆ ತಾನಾಗೇ ಬರುತ್ತೆ. ಗೇಟ್ ಗಟ್ಟಿಯಾಗಿ ಕಾಣುವಾಗ ಚೈನ್ ಬಗ್ಗೆ ಮಾತಾಡೋನಿಗೆ ಜಾಗ ಕೊಡೋದು ಕಷ್ಟ. ಆಮೇಲೆ ತಜ್ಞರ ಸಮಿತಿ 33 ಗೇಟುಗಳನ್ನೂ ಬದಲಿಸಬೇಕು ಅಂತ ಹೇಳಿತು. 2025ರ ಮುಂಗಾರಿನಲ್ಲಿ ನೀರು ಚೆನ್ನಾಗಿ ಬಂದರೂ ಸಂಗ್ರಹವನ್ನ ಸುಮಾರು 80 ಟಿಎಂಸಿಗೆ ನಿಲ್ಲಿಸಬೇಕಾಯ್ತು. ತಡವಾಗಿ ಕೇಳಿಸಿಕೊಂಡ ಮಾತಿಗೂ ಬೆಲೆ ತೆರಬೇಕು, ತೆರೋರು ಹೆಚ್ಚಾಗಿ ಗದ್ದೆಯಲ್ಲಿರೋರು.

ಸಾಫ್ಟ್‌ವೇರಿನಲ್ಲೇ ನಮ್ಮ ರಾಜ್ಯದ ಒಂದು ಉದಾಹರಣೆ ಬೇಕಂದ್ರೆ 'ಭೂಮಿ' ಇದೆ. ಪಹಣಿ ಕಂಪ್ಯೂಟರಿಗೆ ಹೋಗಿದ್ದು. 1990ರ ದಶಕದ ಮೊದಲ ಪ್ರಯತ್ನಗಳು ಯಾಕೆ ಸೊರಗಿದವು ಗೊತ್ತಾ? ಕಂಪ್ಯೂಟರ್ ಇದ್ದದ್ದು ಜಿಲ್ಲೆಯ ಮಟ್ಟದಲ್ಲಿ, ಪಹಣಿ ಬದಲಾಗ್ತಿದ್ದದ್ದು ತಾಲೂಕಿನಲ್ಲಿ. ಟೈಪ್ ಮಾಡಿ ಮುಗಿಸೋ ಹೊತ್ತಿಗೆ ಹೊಲ ಅಣ್ಣತಮ್ಮಂದಿರಲ್ಲಿ ಪಾಲಾಗಿರ್ತಿತ್ತು! 2000ದ ಸುಮಾರಿಗೆ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ಎನ್‌ಐಸಿ ತಂತ್ರಾಂಶದೊಂದಿಗೆ ಮತ್ತೆ ಶುರು ಮಾಡಿದಾಗ ಕಂಪ್ಯೂಟರನ್ನ ತಾಲೂಕು ಕಚೇರಿಗೇ ತಂದರು. ಟೈಪ್ ಆದದ್ದನ್ನ ಮುದ್ರಿಸಿ ಗ್ರಾಮಲೆಕ್ಕಿಗರ ಕೈಗೆ ಕೊಟ್ಟು, ಮೂಲ ಪುಸ್ತಕದ ಜೊತೆ ತಾಳೆ ನೋಡಿಸಿದರು. ಸುಮಾರು 2 ಕೋಟಿ ದಾಖಲೆ, 67 ಲಕ್ಷ ರೈತರು. ಖಾತೆ ಬದಲಾವಣೆಗೆ ಮೊದಲು ಕೊಟ್ಟವರ ಅರ್ಜಿ ಮೊದಲು ಅನ್ನೋ ನಿಯಮವನ್ನ ಸಾಫ್ಟ್‌ವೇರಿನೊಳಗೇ ಕೂರಿಸಿದರು. ಆಗ ಒಂದು ಪಹಣಿಗೆ 15 ರೂಪಾಯಿ. ಯಲಬುರ್ಗಾ ತಾಲೂಕು ಕಚೇರಿಯಿಂದ ಅಜ್ಜ ಅದನ್ನ ಮಡಚಿ ಜೇಬಿನಲ್ಲಿಟ್ಟುಕೊಂಡು ಬರ್ತಿದ್ದದ್ದು ನನಗೆ ನೆನಪಿದೆ. ಆ ಯಶಸ್ಸಿನಲ್ಲಿ ತಂತ್ರಜ್ಞಾನದ ಪಾಲು ಇದೆ, ಆದ್ರೆ ಪಹಣಿ ಬಲ್ಲವನ ಬೆರಳು ತಪ್ಪಿನ ಮೇಲೆ ಇಡೋಕೆ ಒಂದು ದಿನ, ಒಂದು ಕಾಗದ, ಒಂದು ಕುರ್ಚಿ ಕೊಟ್ಟಿದ್ದರಲ್ಲ, ಅದು ನನಗೆ ಹೆಚ್ಚು ಮುಖ್ಯ ಅನಿಸುತ್ತೆ.

ಈಗ ಯಾರಾದರೂ ಹೊಸ ಪ್ರಾಜೆಕ್ಟ್ ಶುರು ಮಾಡುವಾಗ ಯಾವ ಮೆಥಡ್ ಅಂತ ಕೇಳಿದರೆ ನಾನು ಹೆಸರು ಹೇಳಲ್ಲ. ಮೂರು ಪ್ರಶ್ನೆ ಕೇಳ್ತೀನಿ. ಇದರಲ್ಲಿ ತಿರುಗಿ ಸರಿಮಾಡೋಕೆ ಆಗದ್ದು ಯಾವುದು? ತಪ್ಪಿದ್ದರೆ ನಮಗೆ ಎಷ್ಟು ದಿನಕ್ಕೆ ತಿಳಿಯುತ್ತೆ? ಹೊಲದಲ್ಲಿ ನಿಂತವನಿಗೆ, ಇಲ್ಲಾ ಕೋಡ್ ಬರೆಯೋ ಕಿರಿಯ ಹುಡುಗಿಗೆ, ತಪ್ಪು ಮೊದಲು ಕಂಡರೆ ಅದನ್ನ ಎಲ್ಲಿ, ಯಾರಿಗೆ ಹೇಳಬೇಕು? ಮೂರನೆಯದಕ್ಕೆ ಉತ್ತರ ಇಲ್ಲ ಅಂದ್ರೆ ಸ್ಕ್ರಮ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ನಮ್ಮ ಈಗಿನ ತಂಡದಲ್ಲಿ ಒಂದು ಚಿಕ್ಕ ಪದ್ಧತಿ ಮಾಡಿಕೊಂಡಿದ್ದೀವಿ. ಪ್ಲಾನಿಂಗ್ ಮೀಟಿಂಗಿನ ಮೊದಲ ಐದು ನಿಮಿಷ ಯಾರೂ ಮಾತಾಡೋ ಹಾಗಿಲ್ಲ. ಪ್ರತಿಯೊಬ್ಬರೂ ತಮಗೆ ಅಂಜಿಕೆ ಇರೋ ಒಂದು ವಿಷಯ ಚೀಟಿಯಲ್ಲಿ ಬರೆಯಬೇಕು, ಯಾವ ಭಾಷೆಯಾದರೂ ಸರಿ. ಆಮೇಲೆ ಒಂದೊಂದಾಗಿ ಗಟ್ಟಿಯಾಗಿ ಓದಬೇಕು. ಮೊದಲ ದಿನ ಎಲ್ಲರೂ ನಕ್ಕರು. ಮೂರನೇ ಮೀಟಿಂಗಿನಲ್ಲಿ, ಆರು ತಿಂಗಳಿಂದ ಬಾಯಿ ಬಿಡದ ಸಿಂಧನೂರಿನ ಹುಡುಗಿ ಒಬ್ಬಳು ಕನ್ನಡದಲ್ಲಿ ಎರಡು ಸಾಲು ಬರೆದಳು. ಪೇಮೆಂಟ್ ಎರಡು ಸಲ ಕಟ್ ಆಗೋ ಸಾಧ್ಯತೆ ಇದೆ ಅಂತ. ಇತ್ತು. ಅವಳು ಹೇಳ್ತಾಳೆ, ಅದು ಅವಳಿಗೆ ಎರಡು ತಿಂಗಳಿಂದ ಗೊತ್ತಿತ್ತಂತೆ. "ಮತ್ತ ಯಾಕ ಹೇಳಲಿಲ್ಲ?" ಅಂದೆ. "ಯಾರೂ ಕೇಳಲಿಲ್ಲಲ್ರೀ" ಅಂದಳು.

ನಿಮ್ಮ ಆಫೀಸಿನಲ್ಲಿ ಹೇಗೆ? ನಿಮ್ಮ ಮಾತು ಎಲ್ಲಿ ಕೇಳಿಸುತ್ತೆ, ಎಲ್ಲಿ ಕೇಳಿಸಲ್ಲ? ಪುರುಸೊತ್ತಾದಾಗ ಬರೀರಿ. ಕನ್ನಡದಲ್ಲೇ ಬರೀರಿ ಮತ್ತೆ :)